ಗೊಬ್ಬರದ ಮೂಟೆಯೊಳಗಿನ ಕರೆಂಟು

ಹಸಿರು ಹೈಡ್ರೋಜನ್ ಎಂದೊಡನೆ ಹೊಗೆಯುಗುಳದ ಬಸ್ಸು, ಕಾರುಗಳ ಮಾತು ಶುರುವಾಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ ಅದು ಮೊದಲು ಸೇರಬೇಕಾದ ಜಾಗ, ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟದ ರೈತ ಆಲೂಗಡ್ಡೆಗೂ ಕೋಸಿಗೂ ಹಾಕುವ ಡಿಎಪಿ ಗೊಬ್ಬರದ ಮೂಟೆ. 50 ಕೆ.ಜಿ. ಡಿಎಪಿಯಲ್ಲಿ ಶೇ 18ರಷ್ಟು, ಅಂದರೆ 9 ಕೆ.ಜಿ. ಸಾರಜನಕವಿದೆ. ಅದಕ್ಕೆ ಸುಮಾರು 11 ಕೆ.ಜಿ. ಅಮೋನಿಯಾ ಬೇಕು, ಅಷ್ಟು ಅಮೋನಿಯಾದಲ್ಲಿ ಇರುವುದು ಸುಮಾರು 2 ಕೆ.ಜಿ. ಹೈಡ್ರೋಜನ್. ಇಂದು ಇದನ್ನು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಒಂದು ಕೆ.ಜಿ. ತೆಗೆದರೆ 9–10 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಹಸಿರು ಹೈಡ್ರೋಜನ್ ಎಂದರೆ ಬಿಸಿಲು, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ತೆಗೆದದ್ದು. ಅದಕ್ಕೆ ಕೆ.ಜಿ.ಗೆ 50–55 ಯೂನಿಟ್ ಕರೆಂಟು ಬೇಕು. ಹಾಗಾದರೆ ಒಂದು ಮೂಟೆ ಡಿಎಪಿಗೆ 100 ಯೂನಿಟ್‌ಗೂ ಹೆಚ್ಚು: ಐದು ಎಚ್‌ಪಿ ಬೋರ್‌ವೆಲ್ ಮೋಟರು ಒಂದು ಹಗಲು ಒಂದು ರಾತ್ರಿ ಓಡಿದಷ್ಟು. ಯೂನಿಟ್‌ಗೆ ಒಂದು ರೂಪಾಯಿ ಇಳಿದರೆ ಮೂಟೆಗೆ 100 ರೂ. ಉಳಿಯುತ್ತದೆ. ಸೋಲಾರ್ ಅಗ್ಗವಾದಂತೆ ಇದೂ ತಾನಾಗಿ ಅಗ್ಗವಾದೀತು ಎನ್ನುವವರಿದ್ದಾರೆ. ಅದು ಅರ್ಧ ನಿಜ. ನೀರನ್ನು ಒಡೆಯುವ ಎಲೆಕ್ಟ್ರೋಲೈಸರ್ ಯಂತ್ರ ದುಬಾರಿ. ಬರೀ ಬಿಸಿಲನ್ನು ನಂಬಿದರೆ ವರ್ಷಕ್ಕೆ ಅದರ ಸಾಮರ್ಥ್ಯದ ಕಾಲುಭಾಗದಷ್ಟು ಮಾತ್ರ ಕೆಲಸ, ಬಡ್ಡಿಯಾದರೋ ರಾತ್ರಿಯೂ ಬೆಳೆಯುತ್ತದೆ. ತಮಿಳುನಾಡಿಗೆ ಇಲ್ಲೊಂದು ಅನುಕೂಲವಿದೆ. ಮುಂಗಾರಿನಲ್ಲಿ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿ, ಮೋಡ ಕವಿದ ದಿನವೂ ಇರುಳಲ್ಲೂ ಉಡುಮಲೈಪೇಟೆ, ಪಲ್ಲಡಂ ಕಡೆಯ ಗಾಳಿಯಂತ್ರಗಳನ್ನು ತಿರುಗಿಸುತ್ತದೆ. ಬಿಸಿಲು, ಗಾಳಿ ಎರಡನ್ನೂ ಕೂಡಿಸಿದರೆ ಎಲೆಕ್ಟ್ರೋಲೈಸರ್ ಸುಮ್ಮನೆ ಕೂರುವ ಹೊತ್ತು ಕಡಿಮೆಯಾಗುತ್ತದೆ.

ಇಷ್ಟಾದರೂ ದುಬಾರಿಯೇ ಅಲ್ಲವೇ? ಹೌದು, ಆದರೆ ಅಂತರ ಕಿರಿದಾಗುತ್ತಿದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂ.ಗಳ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಡಿ ಗೊಬ್ಬರ ಕಾರ್ಖಾನೆಗಳಿಗಾಗಿ 2025ರಲ್ಲಿ ನಡೆದ ಮೊದಲ ಹರಾಜಿನಲ್ಲಿ ಹಸಿರು ಅಮೋನಿಯಾ ಕೆ.ಜಿ.ಗೆ 55.75 ರೂ.ಗೆ ನಿಂತಿತು. ಮೂಟೆಗೆ ಬೇಕಾದ 11 ಕೆ.ಜಿ.ಗೆ ಇದು ಸುಮಾರು 613 ರೂ. ಅನಿಲದ ಅಮೋನಿಯಾ ಸಾಮಾನ್ಯವಾಗಿ ಇದಕ್ಕಿಂತ ಅಗ್ಗ; ಆದರೆ ಯುಕ್ರೇನ್ ಯುದ್ಧದ 2022ರಲ್ಲಿ ಅದು ಟನ್ನಿಗೆ 1,000 ಡಾಲರ್ ದಾಟಿತ್ತು. ಮೂಟೆಯ ಬೆಲೆ ಅಂಗಡಿಯಲ್ಲಿ ಅಷ್ಟೇ ಜೋರಾಗಿ ಏರದಂತೆ ತಡೆದದ್ದು ಸಬ್ಸಿಡಿ; ಹೊರೆ ಬಿದ್ದದ್ದು ಬೊಕ್ಕಸದ ಮೇಲೆ. ಹಸಿರು ಅಮೋನಿಯಾದ ಒಪ್ಪಂದದ ದರ ಹತ್ತು ವರ್ಷ ಕದಲುವುದಿಲ್ಲ. ಈಗ ತೆರುವ ಹೆಚ್ಚಿನ ಹಣ, ಬೆಲೆ ದಿಢೀರನೆ ಜಿಗಿಯುವುದರ ವಿರುದ್ಧ ಕಟ್ಟುವ ವಿಮೆಯೂ ಹೌದು.

ನೀರಿನ ಆತಂಕ ಸಹಜ. ಒಂದು ಕೆ.ಜಿ. ಹೈಡ್ರೋಜನ್‌ಗೆ ರಸಾಯನದ ಲೆಕ್ಕದಲ್ಲಿ 9 ಲೀಟರ್ ಸಾಕು. ಶುದ್ಧೀಕರಣ, ತಂಪುಗೊಳಿಸುವಿಕೆ ಸೇರಿದರೆ ಅದರ ಎರಡು ಮೂರು ಪಟ್ಟು. ಒಂದು ಮೂಟೆಯ ಪಾಲಿಗೆ ಬರುವುದು ಕೆಲವೇ ಕೊಡ ನೀರು. ಆದರೂ ಬೋರ್‌ವೆಲ್ ಆಳಕ್ಕಿಳಿದ ತಾಳವಾಡಿಯಂಥ ಕಡೆ ಕಾರ್ಖಾನೆ ಬೇಡ. ಸಮುದ್ರದ ನೀರನ್ನು ಸಿಹಿ ಮಾಡಬಲ್ಲ ಬಂದರಿನ ಊರೇ ಅದಕ್ಕೆ ತಕ್ಕ ಜಾಗ. ತಾಳವಾಡಿಗೆಂದು ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವು ಹತ್ತುವ ಬಸ್ಸಿಗೂ ಹೈಡ್ರೋಜನ್ ಲಾಭವಲ್ಲ: ಕರೆಂಟು ಹೈಡ್ರೋಜನ್ ಆಗಿ ಮತ್ತೆ ಕರೆಂಟಾಗುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಸೋರಿಹೋಗುತ್ತದೆ. ಬ್ಯಾಟರಿ ಬಸ್ಸಾದರೆ ಇಳಿಯುವಾಗ ಒಂದಿಷ್ಟು ಮರಳಿ ತುಂಬಿಕೊಳ್ಳುತ್ತದೆ. ಇನ್ನು ಯೂರಿಯಾ ಗೊಬ್ಬರಕ್ಕೆ ಇಂಗಾಲವೂ ಬೇಕು, ಅದು ಸದ್ಯ ಅನಿಲದಿಂದಲೇ ಬರುತ್ತದೆ. ಹಾಗಾಗಿ ಅದರ ಸರದಿ ಆಮೇಲೆ. ಹೈಡ್ರೋಜನ್ನನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲದ ಕಡೆಗೆ ಸಬ್ಸಿಡಿ ಮೊದಲು ಹೋಗಬೇಕು. ಡಿಎಪಿ ಅಂಥ ಒಂದು ಕಡೆ.