ವಿಮಾಪತ್ರದ ಭಾಷೆ

‘ವಿಮೆ’ ಎಂಬುದು ನಮ್ಮ ನುಡಿಗೆ ಹೊರಗಿನಿಂದ ಬಂದು ನೆಲೆಸಿದ ಪದ. ಅದರ ಮೂಲ ಫಾರಸಿಯ ‘ಬೀಮ್’, ಹಾಗೆಂದರೆ ಭಯ. ಹಿಂದೂಸ್ತಾನಿಯಲ್ಲಿ ‘ಬೀಮಾ’ ಆದ ಆ ಶಬ್ದ ಕನ್ನಡದಲ್ಲಿ ‘ವಿಮೆ’ಯಾಯಿತು. ಭಯವೆಂಬ ಅರ್ಥದ ಮಾತೇ ಅಭಯವನ್ನು ನೀಡುವ ವ್ಯವಸ್ಥೆಯೊಂದಕ್ಕೆ ಹೆಸರಾದುದು ಚೋದ್ಯವೇ ಸರಿ. ಆದರೆ ಈ ಅಭಯವು ಬಾಯಿಮಾತಿನದಲ್ಲ, ಬರೆಹದ್ದು. ಆ ಬರೆಹದ ಶಬ್ದಗಳ ಅರ್ಥವನ್ನು ಅರಿಯದವರು ತಮಗೆ ನ್ಯಾಯವಾಗಿ ಸಲ್ಲಬೇಕಾದುದನ್ನೂ ಕಳೆದುಕೊಳ್ಳಬಹುದು.

ವಿಮೆಯ ತತ್ತ್ವ ಸರಳವಾದುದು. ಒಂದು ಊರಿನಲ್ಲಿ ತಲಾ ಐದು ಲಕ್ಷ ರೂಪಾಯಿ ಬೆಲೆಬಾಳುವ ಸಾವಿರ ಮನೆಗಳಿವೆ, ವರ್ಷಕ್ಕೆ ಒಂದು ಮನೆ ಬೆಂಕಿಗೆ ಆಹುತಿಯಾಗುತ್ತದೆ ಎಂದು ಭಾವಿಸಿರಿ. ಯಾರ ಮನೆಗೆ ಆ ಸರದಿ ಬರುವುದೆಂದು ಯಾರೂ ಹೇಳಲಾರರು. ಆದರೆ ಪ್ರತಿಯೊಬ್ಬರೂ ಐನೂರು ರೂಪಾಯಿಗಳನ್ನು ಕೂಡಿಸಿದರೆ ಐದು ಲಕ್ಷವಾಗಿ, ಸುಟ್ಟ ಮನೆಯನ್ನು ಮತ್ತೆ ಕಟ್ಟಬಹುದು. ಹೀಗೆ ಸಲ್ಲಿಸುವ ಹಣವೇ ವಿಮಾಕಂತು, ಅಥವಾ ಪ್ರೀಮಿಯಂ. ಕಚೇರಿಯ ಖರ್ಚುವೆಚ್ಚಗಳು ಸೇರಿ ಅದು ತುಸು ಹೆಚ್ಚಾಗುತ್ತದೆ. ಮೈಸೂರು ಸಂಸ್ಥಾನವು ೧೮೯೧ರಲ್ಲಿಯೇ ತನ್ನ ನೌಕರರಿಗಾಗಿ ಇಂತಹ ವಿಮೆಯನ್ನು ಆರಂಭಿಸಿತು. ನನ್ನ ಸಂಬಳದಿಂದಲೂ ತಿಂಗಳು ತಿಂಗಳು ಆ ಕಂತನ್ನು ಮುರಿದುಕೊಳ್ಳುತ್ತಿದ್ದರು; ಆಗ ಗೊಣಗುತ್ತಿದ್ದೆನೆಂಬುದನ್ನು ಒಪ್ಪಿಕೊಳ್ಳಲೇಬೇಕು.

ವಿಮೆಯನ್ನು ಬೇಡುವವನು ಮೊದಲು ಪ್ರಸ್ತಾವನಾ ಪತ್ರವನ್ನು ತುಂಬಿಕೊಡಬೇಕು. ವಯಸ್ಸು, ಉದ್ಯೋಗ, ಇರುವ ಕಾಯಿಲೆಗಳು, ಹಿಂದೆ ಆದ ಶಸ್ತ್ರಚಿಕಿತ್ಸೆ ಇವೆಲ್ಲವನ್ನೂ ಅಲ್ಲಿ ಕೇಳಿರುತ್ತಾರೆ. ಸಂತೆಯಲ್ಲಿ ಎತ್ತನ್ನು ಕೊಳ್ಳುವವನು ಅದರ ಹಲ್ಲು ಹಿಡಿದು ನೋಡಬಹುದು. ಆದರೆ ಮನುಷ್ಯನ ಒಳಗಿನ ರೋಗ ಅವನಿಗೇ ಗೊತ್ತು. ಆದುದರಿಂದ ವಿಮೆಯ ಒಪ್ಪಂದವು ‘ಪರಮ ವಿಶ್ವಾಸ’ದ ಒಪ್ಪಂದವೆನಿಸಿದೆ. ಮುಚ್ಚಿಟ್ಟ ಸಂಗತಿಯೊಂದು ಮುಂದೆ ಹಣ ಕೇಳುವ ಹೊತ್ತಿನಲ್ಲಿ ಅಡ್ಡಬರುತ್ತದೆ. ಜೀವವಿಮೆಯಲ್ಲಿ ಇದಕ್ಕೂ ಒಂದು ಎಲ್ಲೆಯುಂಟು. ೧೯೩೮ರ ವಿಮಾ ಕಾಯಿದೆಗೆ ೨೦೧೫ರಲ್ಲಾದ ತಿದ್ದುಪಡಿಯ ಪ್ರಕಾರ, ಮೂರು ವರ್ಷ ಕಳೆದ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಏಜೆಂಟರು ತೋರಿಸಿದಲ್ಲಿ ಸಹಿ ಹಾಕಿ, ಉಳಿದುದನ್ನು ಅವರೇ ತುಂಬಿಕೊಳ್ಳಲೆಂದು ಬಿಡುವುದು ನಮ್ಮಲ್ಲಿ ಸಾಮಾನ್ಯ. ಆದರೆ ಆ ಸಹಿಯ ಮೇಲಿರುವ ಪ್ರತಿಯೊಂದು ಉತ್ತರವೂ ಸಹಿ ಮಾಡಿದವನದೇ ಆಗುತ್ತದೆ. ಪಾಲಿಸಿ ಕೈಸೇರಿದ ಮೇಲೆ ಅದರ ಷರತ್ತುಗಳು ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು ೨೦೨೪ರಿಂದ ಮೂವತ್ತು ದಿನಗಳ ಅವಕಾಶವಿದೆ.

ಅಂಗಡಿ, ಸರಕುಗಳ ವಿಮೆಯ ನಿಯಮ ಬೇರೆ. ಅಲ್ಲಿ ಆದ ನಷ್ಟವನ್ನಷ್ಟೇ ತುಂಬಿಕೊಡುತ್ತಾರೆ. ವಿಮೆಯಿಂದ ಲಾಭ ಮಾಡಿಕೊಳ್ಳುವಂತಿಲ್ಲ. ಇದರ ಜೊತೆಗೆ ‘ಸರಾಸರಿ ಷರತ್ತು’ ಎಂಬುದೊಂದಿದೆ. ನಾಲ್ಕು ಲಕ್ಷ ರೂಪಾಯಿಗಳ ಸರಕಿರುವ ವರ್ತಕನೊಬ್ಬನು ಕಂತಿನ ಹಣವನ್ನು ಉಳಿಸಲೆಂದು ಎರಡು ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದನೆನ್ನೋಣ. ಬೆಂಕಿಯಿಂದ ಒಂದು ಲಕ್ಷದ ಸರಕು ಹಾಳಾದರೆ, ಎರಡು ಲಕ್ಷದವರೆಗೆ ವಿಮೆಯಿದೆಯಾದುದರಿಂದ ಪೂರ್ತಿ ಲಕ್ಷವೂ ಬರುವುದೆಂದು ಆತ ನೆಚ್ಚಿರುತ್ತಾನೆ. ಬರುವುದು ಐವತ್ತು ಸಾವಿರ ಮಾತ್ರ. ಅರ್ಧ ಸರಕಿಗೆ ಮಾತ್ರ ಕಂತು ಕಟ್ಟಿದವನಿಗೆ ನಷ್ಟದಲ್ಲಿಯೂ ಅರ್ಧವೇ ಸಲ್ಲುತ್ತದೆ. ಉಳಿದರ್ಧಕ್ಕೆ ಆತನೇ ಹೊಣೆ.

ಜೀವಕ್ಕೆ ಹೀಗೆ ಬೆಲೆ ಕಟ್ಟಲಾಗದು. ಆದುದರಿಂದ ಜೀವವಿಮೆಯಲ್ಲಿ ಒಂದು ಮೊತ್ತವನ್ನು ಮೊದಲೇ ಗೊತ್ತುಮಾಡಿರುತ್ತಾರೆ, ಅದು ‘ವಿಮಾಮೊತ್ತ’. ಇದರ ಸುತ್ತಲಿನ ಪದಗಳನ್ನು ನಾನು ಕಲಿತುದು ಪುಸ್ತಕದಿಂದಲ್ಲ, ಒಂದು ಸಾವಿನ ಮನೆಯಿಂದ.

೧೯೮೭ರಲ್ಲಿ ನಾನು ಉಪಾಧ್ಯಾಯನಾಗಿದ್ದ ಹಳ್ಳಿಯಲ್ಲಿ, ನಮ್ಮ ಬೀದಿಯ ದಿನಸಿ ಅಂಗಡಿಯವರು ಹಠಾತ್ತನೆ ತೀರಿಕೊಂಡರು. ಹದಿನೈದು ದಿನಗಳ ಮೇಲೆ ಅವರ ಪತ್ನಿ ಒಂದು ಬಟ್ಟೆಯ ಗಂಟನ್ನು ತಂದು ನನ್ನ ಮುಂದಿಟ್ಟರು. “ಮೇಷ್ಟ್ರೇ, ಇದು ಸತ್ತ ಪಾಲಿಸಿಯಂತೆ. ಒಲೆಗೆ ಹಾಕುವ ಮುಂಚೆ ನೀವೊಂದು ಸಲ ನೋಡಿಬಿಡಿ” ಎಂದರು. ಗಂಟಿನಲ್ಲಿ ಇಪ್ಪತ್ತು ವರ್ಷಗಳ ಅವಧಿಯ, ಇಪ್ಪತ್ತು ಸಾವಿರ ರೂಪಾಯಿಗಳ ಒಂದು ಪಾಲಿಸಿಯೂ ಹನ್ನೆರಡು ವಾರ್ಷಿಕ ಕಂತುಗಳ ರಸೀದಿಗಳೂ ಇದ್ದವು. ಮಗಳ ಮದುವೆಯ ವರ್ಷ ಕಂತು ನಿಂತಿತ್ತು, ಮುಂದೆ ಕಟ್ಟಿರಲಿಲ್ಲ.

ವಾರ್ಷಿಕ ಕಂತನ್ನು ವಾಯಿದೆಯ ದಿನ ಕಟ್ಟಲಾಗದಿದ್ದರೆ ಮತ್ತೆ ಮೂವತ್ತು ದಿನಗಳ ಕಾಲಾವಕಾಶವಿರುತ್ತದೆ. ಇದಕ್ಕೆ ‘ರಿಯಾಯಿತಿ ಅವಧಿ’ಯೆಂದು ಹೆಸರು. ಅದೂ ಮೀರಿದರೆ ಪಾಲಿಸಿ ‘ಲ್ಯಾಪ್ಸ್’ ಆಗುತ್ತದೆ. ಊರವರು ‘ಸತ್ತ ಪಾಲಿಸಿ’ ಎಂದುದು ಇದನ್ನೇ. ಆದರೆ ಲ್ಯಾಪ್ಸ್ ಆದುದೆಲ್ಲ ಪೂರ್ಣವಾಗಿ ಸತ್ತಂತಲ್ಲ. ಬಾಕಿಯನ್ನು ಬಡ್ಡಿಸಹಿತ ಕಟ್ಟಿ, ಆರೋಗ್ಯದ ಹೇಳಿಕೆಯನ್ನು ಕೊಟ್ಟು, ಗೊತ್ತಾದ ಅವಧಿಯೊಳಗೆ ಅದನ್ನು ‘ಪುನರುಜ್ಜೀವನ’ಗೊಳಿಸಬಹುದು. ಅಂಗಡಿಯವರು ಹಾಗೆ ಮಾಡಿದ್ದರೆ ಇಪ್ಪತ್ತು ಸಾವಿರವೂ ದೊರೆಯುತ್ತಿತ್ತು. ಅದು ಕೈತಪ್ಪಿತ್ತು, ನಿಜ. ಆದರೆ ಅಂದಿನ ನಿಯಮದಂತೆ ಮೂರು ವರ್ಷಗಳ ಕಂತು ಸಂದಿದ್ದರೆ ಅಂತಹ ಪಾಲಿಸಿ ‘ಪೇಡ್‌ಅಪ್’ ಆಗಿ ಉಳಿಯುತ್ತಿತ್ತು. ಅಂದರೆ ಕಟ್ಟಬೇಕಾದ ಕಂತುಗಳಲ್ಲಿ ಎಷ್ಟನ್ನು ಕಟ್ಟಿದೆಯೋ ವಿಮಾಮೊತ್ತದಲ್ಲಿ ಅಷ್ಟು ಪಾಲು ಉಳಿಯುತ್ತದೆ. ಇಪ್ಪತ್ತರಲ್ಲಿ ಹನ್ನೆರಡು ಸಂದಿದ್ದುದರಿಂದ ಹನ್ನೆರಡು ಸಾವಿರ ರೂಪಾಯಿ. ಅದರ ಮೇಲೆ ಅಲ್ಲಿಯವರೆಗೆ ಸೇರಿದ್ದ ಬೋನಸ್ಸು. ಇದನ್ನೆಲ್ಲ ಪಾಲಿಸಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಓದಿ, ನಂಬಲಾರದೆ ಮತ್ತೆರಡು ಬಾರಿ ಓದಿದೆನು. ಎಂ.ಎ. ಪದವಿಯಿದ್ದರೂ ಆ ಒಂದು ಪುಟ ನನಗೆ ಹಳಗನ್ನಡಕ್ಕಿಂತ ಕಠಿಣವಾಗಿತ್ತು.

ಮತ್ತೊಂದು ತೊಡಕಿತ್ತು. ಮದುವೆಗೆ ಮೊದಲೇ ಮಾಡಿಸಿದ ಪಾಲಿಸಿಯಾದುದರಿಂದ ಅದರಲ್ಲಿ ‘ನಾಮಿನಿ’ಯೆಂದು ಅವರ ಅಣ್ಣನ ಹೆಸರಿತ್ತು, ಆಮೇಲೆ ಬದಲಾಯಿಸಿರಲಿಲ್ಲ. ಹಣವೆಲ್ಲ ಅಣ್ಣನದೆಂದೇ ಊರಿನಲ್ಲಿ ಮಾತಾಯಿತು. ನಾಮಿನಿಯು ಹಣವನ್ನು ಪಡೆಯಲು ಅಧಿಕಾರವುಳ್ಳವನೇ ಹೊರತು ಅದರ ಒಡೆಯನಲ್ಲ, ಹಣವು ವಾರಸುದಾರರಿಗೆ ಸೇರಿದುದು ಎಂದು ಸರ್ವೋಚ್ಚ ನ್ಯಾಯಾಲಯವು ೧೯೮೩ರಲ್ಲಿಯೇ ಸ್ಪಷ್ಟಪಡಿಸಿತ್ತು. ೨೦೧೫ರ ತಿದ್ದುಪಡಿಯು ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳು ಇವರನ್ನು ನಾಮಿನಿಗಳಾಗಿ ಹೆಸರಿಸಿದ್ದರೆ ಹಣದ ಹಕ್ಕನ್ನೇ ಅವರಿಗೆ ಕೊಟ್ಟಿದೆ. ಒಡಹುಟ್ಟಿದವರು ಆ ಸಾಲಿನಲ್ಲಿಲ್ಲ. ಆದರೂ ಕಚೇರಿಯಿಂದ ಚೆಕ್ಕು ಬರುವುದು ನಾಮಿನಿಯ ಹೆಸರಿಗೇ. ಆತನ ಮನಸ್ಸು ಕೆಟ್ಟರೆ ವಿಧವೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಗುತ್ತದೆ.

ಆ ಅಣ್ಣನ ಮನಸ್ಸು ಕೆಡಲಿಲ್ಲ. ಚೆಕ್ಕಿನ ಹಣವನ್ನು ಬ್ಯಾಂಕಿನಿಂದ ಬಿಡಿಸಿ ತಂದ ದಿನವೇ ಆತ ಊರಿನ ಇಬ್ಬರು ಹಿರಿಯರನ್ನೂ ನನ್ನನ್ನೂ ಕರೆಸಿ, ತಮ್ಮನ ಹೆಂಡತಿಯ ಮುಂದೆ ಅದನ್ನು ಎಣಿಸಿಟ್ಟ. ಪಾಲಿಸಿಯು ಕಚೇರಿಗೆ ಸಂದುಹೋಗಿತ್ತು. ಹನ್ನೆರಡು ರಸೀದಿಗಳನ್ನು ಆಕೆ ಅದೇ ಬಟ್ಟೆಯಲ್ಲಿ ಕಟ್ಟಿ ಮತ್ತೆ ಟ್ರಂಕಿನಲ್ಲಿಟ್ಟರು.