ಬಿಟ್ಟುಹೋದ ದೊಡ್ಡ ನಾಯಿಯನ್ನು ಸಾಕಿ ಪಳಗಿಸುವ ಕ್ರಮ

ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ನಾಯಿಯಿಲ್ಲದ ಕುರಿಹಟ್ಟಿ ಅಪೂರ್ವ. ಮಳೆಯನ್ನೇ ನಂಬಿದ ಎರೆ ಮಸಾರಿ ಭೂಮಿಗಳಲ್ಲಿ ಬೆಳೆ ಕೈಕೊಟ್ಟ ವರ್ಷ ಸಂಸಾರವನ್ನು ಹಿಡಿದು ನಿಲ್ಲಿಸುವುದು ಕುರಿ. ಕುರಿಗೆ ಭಯ ತೋಳನದು. ಆದಕಾರಣ ಕಾವಲುನಾಯಿಯ ಬೆಲೆಯನ್ನು ಇಲ್ಲಿಯವರಿಗೆ ಹೇಳಿ ತಿಳಿಸಬೇಕಾದುದಿಲ್ಲ. ಆದರೆ ಪಟ್ಟಣದವರು ಮ್ಯಾಸ್ಟಿಫ್ ಮೊದಲಾದ ಭಾರೀ ಜಾತಿಯ ಮರಿಗಳನ್ನು ಹಣ ಕೊಟ್ಟು ತಂದು, ಅವು ಬೆಳೆದು ಐವತ್ತು ಅರುವತ್ತು ಕಿಲೋ ತೂಗುವಾಗ ಸಾಕಲಾರದೆ ದಾರಿಯಲ್ಲಿ ಬಿಟ್ಟುಹೋಗುವುದುಂಟು. ಅಂಥದೊಂದು ನಾಯಿ ಹಸಿದು ತೋಟದ ಬಾಗಿಲಿಗೆ ಬಂದು ನಿಂತರೆ ಊರಿನವರು ಮಾಡತಕ್ಕದ್ದೇನೆಂಬುದನ್ನು ಇಲ್ಲಿ ವಿವರಿಸಿದೆ.

ಹೀಗೆ ಬಿಡುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ. ಬಂದ ನಾಯಿಯನ್ನು ಕಲ್ಲು ಬಡಿಗೆಗಳಿಂದ ಕೊಲ್ಲುವುದೂ ಅಪರಾಧವೇ. 2024ರ ಮಾರ್ಚ್ 12ರಂದು ಕೇಂದ್ರ ಸರಕಾರವು ಮ್ಯಾಸ್ಟಿಫ್ ಸೇರಿದಂತೆ 23 ಜಾತಿಗಳನ್ನು ಅಪಾಯಕಾರಿಯೆಂದು ಹೆಸರಿಸಿ ಅವುಗಳ ಮಾರಾಟವನ್ನೂ ತಳಿ ಬೆಳೆಸುವುದನ್ನೂ ತಡೆಯುವಂತೆ ಸುತ್ತೋಲೆ ಕಳುಹಿತ್ತು. ಸಂಬಂಧಪಟ್ಟವರ ಅಭಿಪ್ರಾಯ ಕೇಳಿರಲಿಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ನಾಯಿಯ ಸ್ವಭಾವವು ಜಾತಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಸಾಕಿದ ರೀತಿಯ ಪಾಲೂ ಅದರಲ್ಲಿ ದೊಡ್ಡದು. ಆದರೂ ಅಷ್ಟು ಭಾರದ ಪ್ರಾಣಿ ಒಮ್ಮೆ ಕಚ್ಚಿದರೆ ಆಗುವ ಗಾಯ ಊರುನಾಯಿಯ ಕಡಿತದಂತಿರದು. ಮನೆಯಲ್ಲಿ ತೊಟ್ಟಿಲ ಕೂಸಿದ್ದವರು, ನಾಯಿಗೆ ದಿನವೂ ಹೊತ್ತು ಕೊಡಲಾರದವರು ಈ ಭಾರ ಹೊರದಿರುವುದೇ ಮೇಲು.

ಮೊದಲನೆಯ ಕೆಲಸ ಪಶುವೈದ್ಯಶಾಲೆಗೆ ತಿಳಿಸುವುದು. ಪೂರ್ವವೃತ್ತಾಂತ ಗೊತ್ತಿಲ್ಲದ ನಾಯಿಗೆ ಹುಚ್ಚುರೋಗದ ಲಸಿಕೆಯನ್ನು ತಡಮಾಡದೆ ಹಾಕಿಸತಕ್ಕದ್ದು. ವೈದ್ಯರು ಹೇಳಿದ ದಿನ ಮತ್ತೊಮ್ಮೆ, ಅನಂತರ ವರ್ಷವರ್ಷವೂ ಹಾಕಿಸಬೇಕು. ಲಸಿಕೆ ಹಾಕಿತೆಂದು ನಿಶ್ಚಿಂತೆಯಾಗಿರಲೂ ಕೂಡದು. ಮೊದಲೇ ಸೋಂಕು ತಗಲಿದ್ದರೆ ಅದು ತಿಂಗಳುಗಟ್ಟಲೆ ಅಡಗಿದ್ದು ಬಳಿಕ ಹೊರಬೀಳಬಹುದು. “ನೀರು ಕುಡಿಯುತ್ತದೆ, ಆದುದರಿಂದ ಹುಚ್ಚಲ್ಲ” ಎಂಬ ಮಾತು ತಪ್ಪು. ನೀರಿನ ಭಯ ಮನುಷ್ಯನಲ್ಲಿ ತೋರುವ ಲಕ್ಷಣ, ಹುಚ್ಚುನಾಯಿ ನೀರಿಗೆ ಬಾಯಿ ಹಾಕುವುದುಂಟು. ಬೊಗಳುವ ದನಿ ಬದಲಾಗುವುದು, ದವಡೆ ಜೋಲುವುದು, ಜೊಲ್ಲು ಸುರಿಯುವುದು, ಹಿಂಗಾಲು ತಡವರಿಸುವುದು ಕಂಡರೆ ಹತ್ತಿರ ಹೋಗದೆ ವೈದ್ಯರನ್ನು ಕರೆಸತಕ್ಕದ್ದು.

ಮೊದಲ ಎರಡು ಮೂರು ವಾರ ನಾಯಿಗೆ ಏನನ್ನೂ ಕಲಿಸಲು ಹೋಗಬಾರದು. ನೆರಳಿರುವ, ಗಟ್ಟಿ ಬೇಲಿಯ ಒಂದು ಮೂಲೆಯನ್ನು ಕೊಟ್ಟು, ಒಬ್ಬರೇ, ಹೆಚ್ಚೆಂದರೆ ಇಬ್ಬರು, ಹೊತ್ತಿಗೆ ಸರಿಯಾಗಿ ಅನ್ನ ನೀರು ಇಡಬೇಕು. ನೆರೆಹೊರೆಯವರು ನೋಡಲು ಗುಂಪುಗೂಡುವುದನ್ನು ಗೌಡರು ಕಟ್ಟುನಿಟ್ಟಾಗಿ ತಡೆಯತಕ್ಕದ್ದು. ಬಾಲ ಅಡಗಿಸಿ ಮೂಲೆ ಸೇರಿದ ನಾಯಿಯೇ ಹೆಚ್ಚು ಕಚ್ಚುವುದು. ಅದಕ್ಕೆ ಓಡಿಹೋಗಲು ದಾರಿ ಕಾಣದು. ಗುರುಗುಟ್ಟಿದರೆ ಹೊಡೆಯಕೂಡದು. ಗುರುಗುಟ್ಟುವುದು ಅದರ ಎಚ್ಚರಿಕೆಯ ಮಾತು. ಹೊಡೆದು ಆ ಮಾತನ್ನು ನಿಲ್ಲಿಸಿದರೆ ಮುಂದೆ ಹೇಳದೆಯೇ ಕಚ್ಚೀತು.

ಹಗಲೆಲ್ಲ ಗಿಡ್ಡ ಸರಪಳಿಯಲ್ಲಿ ಬಿಗಿದು ಅರೆಹೊಟ್ಟೆ ಇಟ್ಟರೆ ನಾಯಿ ಚುರುಕಾಗುತ್ತದೆಂಬ ನಂಬಿಕೆ ಹಳೆಯದು, ಹಾನಿಕರವಾದುದು. ಅಂಥ ನಾಯಿಗೆ ಕಳ್ಳನೂ ಒಂದೇ, ಮನೆಯ ಮೊಮ್ಮಗನೂ ಒಂದೇ. ಕಾವಲೆಂದರೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ವಿವೇಕ. ಅದು ಹೊಟ್ಟೆ ತುಂಬಿದ, ಮನೆಮಂದಿಯನ್ನು ಅರಿತ ನಾಯಿಯಲ್ಲಿ ಮಾತ್ರ ಹುಟ್ಟುತ್ತದೆ. ಮೇಲೆ ಹೇಳಿದ ಕಾಯಿದೆಯೂ ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟಿಹಾಕುವುದನ್ನು ಹಿಂಸೆಯೆಂದೇ ಎಣಿಸುತ್ತದೆ.

ನಾಯಿ ಕರೆದಾಗ ಬಾಲ ಆಡಿಸುವಷ್ಟು ನಂಬಿಕೆ ಬಂದ ಮೇಲೆ ಕಲಿಸಲು ತೊಡಗಬಹುದು. “ಬಾ”, “ಕೂಡು”, “ಬಿಡು” ಎಂಬ ಮೂರು ಮಾತು ಸಾಕು. ಆದರೆ ಮನೆಯವರೆಲ್ಲರೂ ಅವೇ ಮಾತುಗಳನ್ನು ಆಡಬೇಕು. ಒಬ್ಬನು “ಕೂಡು” ಎಂದು, ಇನ್ನೊಬ್ಬನು “ಕುಂದ್ರು” ಎಂದರೆ ತಪ್ಪು ನಾಯಿಯದಲ್ಲ. ಹೇಳಿದಂತೆ ಮಾಡಿದ ಕ್ಷಣವೇ ರೊಟ್ಟಿಯ ಚೂರೊಂದನ್ನು ಕೊಡುವುದು. ಮಾಡದಿದ್ದರೆ ಸುಮ್ಮನಿದ್ದು ಮತ್ತೆ ಯತ್ನಿಸುವುದು. ಬೆಳಿಗ್ಗೆ ಸಂಜೆ ಹತ್ತು ಹತ್ತು ನಿಮಿಷ ಸಾಕು. ಈ ಮೂರರಲ್ಲಿ “ಬಾ” ಎಂಬುದೇ ಮುಖ್ಯ. ದಾರಿಹೋಕನ ಕಡೆಗೆ ನುಗ್ಗುವ ನಾಯಿ ಆ ಒಂದು ಮಾತಿಗೆ ತಿರುಗಿದರೆ ಅದರ ಪ್ರಾಣವೂ ಉಳಿಯಿತು, ಯಜಮಾನನ ಮಾನವೂ ಉಳಿಯಿತು. ಎಷ್ಟೇ ಪಳಗಿದ್ದರೂ ಚಿಕ್ಕ ಮಕ್ಕಳೊಡನೆ ಅದನ್ನು ಒಂಟಿಯಾಗಿ ಬಿಡಕೂಡದು.

ಇಂಥ ನಾಯಿಯನ್ನು ಕುರಿಹಿಂಡಿಗೆ ಬಿಡಬಹುದೇ? ಬಿಡದಿರುವುದೇ ಕ್ಷೇಮ. ಹಿಂಡುಕಾಯುವ ನಾಯಿ ಎಳೆಯ ಮರಿಯಾಗಿದ್ದಾಗಿನಿಂದ ಕುರಿಮರಿಗಳ ನಡುವೆ ಬೆಳೆದು, ಕುರಿಯನ್ನೇ ತನ್ನ ಬಳಗವೆಂದು ತಿಳಿದಿರಬೇಕು. ಆ ಕಾಲ ಕಳೆದ ಮೇಲೆ ಬಂದ ನಾಯಿಗೆ ಓಡುವ ಕುರಿ ಬೇಟೆಯಂತೆ ಕಾಣಬಹುದು. ಬೆನ್ನಟ್ಟುವುದಕ್ಕೆಂದೇ ಹುಟ್ಟಿದ ನೆರೆಯ ಮುಧೋಳ ನಾಯಿಗೂ ಇದೇ ಮಾತು ಸಲ್ಲುತ್ತದೆ. ಮ್ಯಾಸ್ಟಿಫ್ ನಾಯಿಗೆ ತಕ್ಕ ಜಾಗ ಕಣ, ದಾಳಿಂಬೆಯ ತೋಟ, ಮನೆಯ ಅಂಗಳ.

ಬಿಸಿಲು ಈ ನಾಯಿಗೆ ದೊಡ್ಡ ಶತ್ರು. ಚಿಕ್ಕ ಮೂತಿಯ, ಭಾರ ಮೈಯ ಪ್ರಾಣಿ ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳಬೇಕಾದುದರಿಂದ ಚೈತ್ರ ವೈಶಾಖಗಳಲ್ಲಿ ಹೊತ್ತು ಏರುವ ಮೊದಲೇ ಅಡ್ಡಾಡಿಸಿ ತರಬೇಕು. ಜೋಳದ ನುಚ್ಚು, ಮಜ್ಜಿಗೆ, ಬೇಯಿಸಿದ ಮೊಟ್ಟೆ, ಮಾಂಸ ಇವನ್ನು ಎರಡು ಹೊತ್ತಾಗಿ ಹಂಚಿ ಕೊಡಬೇಕು. ಒಮ್ಮೆಗೇ ಹೊಟ್ಟೆ ಬಿರಿಯೆ ಉಣಿಸಿ ಓಡಿಸಿದರೆ ಜಠರ ಉಬ್ಬಿ ತಿರುಚಿಕೊಂಡು ಕೆಲವೇ ತಾಸುಗಳಲ್ಲಿ ಸಾಯಬಹುದು. ಉಳ್ಳಾಗಡ್ಡಿ, ದ್ರಾಕ್ಷಿ, ಬೇಯಿಸಿದ ಎಲುಬು ಕೂಡದು.

ಕುರಿ ಕೊಯ್ದ ದಿನ ಹಸಿಯ ಈಲಿ, ಪುಪ್ಪುಸಗಳನ್ನು ನಾಯಿಗೆ ಎಸೆಯುವ ವಾಡಿಕೆಯನ್ನು ಊರೇ ಬಿಡಬೇಕು. ಅವುಗಳಲ್ಲಿ ಕಾಣುವ ನೀರುಗುಳ್ಳೆಗಳೊಳಗೆ ಒಂದು ಬಗೆಯ ಲಾಡಿಹುಳುವಿನ ಬೀಜವಿರುತ್ತದೆ. ಅದು ನಾಯಿಯ ಕರುಳಿನಲ್ಲಿ ಬೆಳೆದು, ಮೊಟ್ಟೆಗಳು ಮಲದೊಡನೆ ಹೊರಬಿದ್ದು, ಮೇವಿನಿಂದ ಕುರಿಗೂ, ತೊಳೆಯದ ಕೈಯಿಂದ ಮನುಷ್ಯನಿಗೂ ಸೇರಿ, ಈಲಿಯಲ್ಲಿ ಮತ್ತೆ ಗುಳ್ಳೆಯಾಗುತ್ತದೆ. ಆ ಭಾಗಗಳನ್ನು ಆಳವಾಗಿ ಹೂಳಬೇಕು, ಇಲ್ಲವೆ ಸುಡಬೇಕು. ವೈದ್ಯರನ್ನು ಕೇಳಿ ನಾಯಿಗೆ ಪ್ರಾಜಿಕ್ವಾಂಟೆಲ್ ಔಷಧವನ್ನು ಕಾಲಕಾಲಕ್ಕೆ ಕೊಡಿಸಬೇಕು.

ಇಷ್ಟಾದರೂ ನಾಯಿ ಯಾರನ್ನಾದರೂ ಕಚ್ಚಿದರೆ, ಅಥವಾ ಉಗುರಿನಿಂದ ಗೀರಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯತಕ್ಕದ್ದು. ಖಾರದಪುಡಿ, ಸುಣ್ಣ, ಅರಿಸಿನ ಹಚ್ಚಕೂಡದು. ಅಂದೇ ಸರಕಾರಿ ಆಸ್ಪತ್ರೆಗೆ ಕರೆದೊಯ್ದು ಲಸಿಕೆ ಹಾಕಿಸಬೇಕು. ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧವೂ ಬೇಕಾಗುತ್ತದೆ. ಹಿಂದಿನಂತೆ ಹೊಟ್ಟೆಗೆ ಹದಿನಾಲ್ಕು ಸೂಜಿಗಳಿಲ್ಲ. ಈಗ ತೋಳಿಗೆ ಕೆಲವೇ ಸಲ. ರೋಗದ ಲಕ್ಷಣ ತೋರಿದ ಬಳಿಕ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಕಚ್ಚಿದ ನಾಯಿಯನ್ನು ಕೊಲ್ಲದೆ, ಬೇರೆಯಾಗಿ ಕಟ್ಟಿ ಹತ್ತು ದಿನ ನೋಡತಕ್ಕದ್ದು. ಹತ್ತು ದಿನ ಅದು ಆರೋಗ್ಯವಾಗಿದ್ದರೆ ಆ ಸಂಗತಿಯನ್ನು ಆಸ್ಪತ್ರೆಗೆ ತಿಳಿಸಬೇಕು. ಅಷ್ಟರೊಳಗೆ ಗಾಯಗೊಂಡವರ ಲಸಿಕೆಯನ್ನು ಒಂದು ದಿನವೂ ತಪ್ಪಿಸಕೂಡದು.