ಮಿತ್ರಬಲವೆಂಬ ಶಬ್ದದ ಅರ್ಥವಿಚಾರ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಜಿಲ್ಲಾಸ್ಥಾನವಾದ ಬೆಳಗಾವಿಗೆ ಅನ್ಯದೇಶೀಯ ಸೈನಿಕರು ಬಂದು, ಭಾರತೀಯ ಸೈನ್ಯದೊಡನೆ ಶಸ್ತ್ರಾಭ್ಯಾಸ ಮಾಡುವುದುಂಟು. ಇಂತಹ ಪಡೆಗಳನ್ನು ಮಿತ್ರಬಲವೆನ್ನಬಹುದೇ ಎಂಬುದು ಪ್ರಕೃತ ವಿಚಾರ.

ಕೌಟಿಲ್ಯನು ಅರ್ಥಶಾಸ್ತ್ರದ 9ನೆಯ ಅಧಿಕರಣದಲ್ಲಿ ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವಿ ಎಂದು ಆರು ಬಲಗಳನ್ನೆಣಿಸಿ, ಇವುಗಳಲ್ಲಿ ಹಿಂದುಹಿಂದಿನದೇ ಮೇಲೆಂದು ನಿರ್ಣಯಿಸಿರುವನು. (ಆ ಗ್ರಂಥವನ್ನು 1909ರಲ್ಲಿ ಮೈಸೂರಿನಿಂದ ಬೆಳಕಿಗೆ ತಂದವರು ಆರ್. ಶಾಮಶಾಸ್ತ್ರಿಗಳೆಂಬುದನ್ನು ವಾಚಕರು ಬಲ್ಲರು.) ಅಲ್ಲಿ ಮಿತ್ರಬಲವೆಂದರೆ ಮಿತ್ರನಾದ ಅರಸನು ನಮ್ಮ ಕಾರ್ಯಕ್ಕಾಗಿ ಒದಗಿಸುವ ಸೇನೆ. ಇಲ್ಲಿಯಾದರೋ ಬಂದವನು ಕಲಿತು ಸ್ವದೇಶಕ್ಕೆ ಮರಳುವನು. ನಮ್ಮ ಆಜ್ಞೆ ಅವನ ಮೇಲೆ ನಡೆಯದು.

ಇದರಲ್ಲಿಯೂ ಎರಡು ಬಗೆ. ಭಾರತಸರ್ಕಾರವು 1964ರಲ್ಲಿ ಆರಂಭಿಸಿದ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಯೋಜನೆಯಲ್ಲಿ ಸೈನಿಕಶಿಕ್ಷಣವೂ ಸೇರಿದ್ದು, ಅದರ ವೆಚ್ಚವನ್ನು ನಮ್ಮ ಬೊಕ್ಕಸವೇ ಭರಿಸುತ್ತದೆ. ಅಲ್ಲಿ ಪರದೇಶದವನು ಶಿಷ್ಯ. ಬೆಳಗಾವಿಯ ಕೂಡಭ್ಯಾಸಗಳಲ್ಲಿ ಉಭಯರೂ ಕಲಿಯುವವರೇ. 2009ರಲ್ಲಿ ಮಾಲ್ಡೀವ್ಸ್ ಪಡೆಯೊಡನೆ ಅಲ್ಲಿ ಮೊದಲಾದ ಅಭ್ಯಾಸಕ್ಕೆ ‘ಏಕುವೇರಿನ್’ ಎಂದು ಹೆಸರು. ದಿವೇಹಿ ಭಾಷೆಯಲ್ಲಿ ಸ್ನೇಹಿತರೆಂದೇ ಅದರ ಅರ್ಥ! 2022ರಲ್ಲಿ ಜಪಾನೀ ಪಡೆ ಬಂದಿತು. ಆದರೆ 2008ರ ಡಿಸೆಂಬರಿನಲ್ಲಿ ಅದೇ ಊರಿನಲ್ಲಿ ಚೀನೀ ಪಡೆಯೂ ನಮ್ಮವರೊಡನೆ ಅಭ್ಯಾಸ ನಡೆಸಿತ್ತು. 2020ರ ಜೂನಿನಲ್ಲಿ ಗಲ್ವಾನ್ ಕಣಿವೆಯಲ್ಲಿ ಆ ದೇಶದ ಸೈನಿಕರೊಡನೆ ಹೋರಾಡಿ ನಮ್ಮ 20 ಮಂದಿ ಯೋಧರು ಮಡಿದರು. ಕೂಡಿ ಅಭ್ಯಾಸಮಾಡಿದ ಮಾತ್ರಕ್ಕೆ ಮಿತ್ರತ್ವವು ಸಿದ್ಧಿಸದೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಆದುದರಿಂದ ಕಲಿಯಬಂದವರಿಗೆ ‘ಶಿಷ್ಯಸೇನೆ’ಯೆಂದೂ, ಕೂಡಿ ಅಭ್ಯಾಸಮಾಡುವವರಿಗೆ ‘ಸಹಾಭ್ಯಾಸಿ ಸೇನೆ’ಯೆಂದೂ ಹೇಳುವುದು ಯುಕ್ತವೆಂದು ನನ್ನ ಮತ. ಮಿತ್ರಬಲವೆಂಬುದು ರಣದಲ್ಲಿ ನಮ್ಮ ಪಕ್ಷದಲ್ಲಿ ನಿಂತ ಸೇನೆಗೆ ಮೀಸಲಾಗಿರಲಿ.